ನನ್ನ ಮೂಗಿಗೆ ಸಿಗದ ಘಮ

ಅರಳಿದ ಮೊದಲ ಹೂವಿಗೆ ಮೂಗು ಹಚ್ಚಿದೆ. ಏನೂ ವಾಸನೆಯಿಲ್ಲ! ತಾರ್ನಾಕದ ಮನೆಯ ಸಾಫ್ಟ್‌ವೇರ್ ಮೇಡಂ, ಕಣ್ಣು ಕಾಣದ ತಮ್ಮ ತಾಯಿಗಾಗಿ ಘಮಘಮಿಸುವ ಹೂ ಬಿಡುವ ಸ್ವೀಟ್ ಪೀ ಬಳ್ಳಿ ಬೆಳೆಸಲು ಹೇಳಿದ್ದರು. ಘಮ ಬರದಿದ್ದರೆ ಮಾಲಿ ಕೆಲಸವನ್ನೇ ಬಿಡುತ್ತೇನೆಂದು ಮಾತು ಕೊಟ್ಟಿದ್ದೆ. ಬೀಜದ ಪೊಟ್ಟಣದ ಇಂಗ್ಲಿಷ್ ನನಗೆ ಓದಲು ಬಾರದು. ತಪ್ಪು ಬೀಜ ತಂದೆನೆಂದು ಬಳ್ಳಿ ಕೀಳಲು ಕೈ ಹಾಕಿದೆ.

ಅಷ್ಟರಲ್ಲಿ ಆ ತಾಯಿ ವರಾಂಡದಿಂದ ಕೂಗಿದರು: “ಶಿವಪ್ಪಾ, ಏನ್ ಘಮ ಬರಾಕತ್ತೈತೋ!”

“ನನಗ ಬರವಲ್ದ್ರೀ ಅಮ್ಮಾರೆ,” ಎಂದೆ.

“ತಾಸಿಗೊಮ್ಮೆ ನಶ್ಯ ಏರಸೋ ಮೂಗಿಗೆ ಹೂವಿನ ವಾಸನಿ ಹೆಂಗ ಹತ್ತೀತೋ ತಮ್ಮಾ? ನಿನ್ನ ಸೀನು ಓಣಿಗೆಲ್ಲಾ ಕೇಳತೈತಿ!”

ಹೋದ ಜೀವ ಬಂದಂತಾಯಿತು. ಆ ಚಳಿಗಾಲವೆಲ್ಲ ಯಾವ ಬಣ್ಣದ ಹೂ ಅರಳಿದೆಯೆಂದು ನಾನು ಅವರಿಗೆ ಹೇಳುತ್ತಿದ್ದೆ. ಅದರ ಘಮ ಹೇಗಿದೆಯೆಂದು ಅವರು ನನಗೆ ಹೇಳುತ್ತಿದ್ದರು.