ಕೆಂಪು ಚೌಕದೊಳಗಿನ ಕರಡಿಗೆ

ಸತ್ತವರು ಮತ್ತೆ ಕಾಣಿಸಿಕೊಳ್ಳುತ್ತಾರೆ ಎಂಬ ಮಾತು ಶುರುವಾದರೆ ನಾನು ಎದ್ದು ಹೋಗುತ್ತಿದ್ದೆ. ವಾದ ಮಾಡುತ್ತಿರಲಿಲ್ಲ, ಅಷ್ಟು ಓದಿದವಳೂ ಅಲ್ಲ. ಪಿಯುಸಿ ಮುಗಿಸಿ ಕಂಪ್ಯೂಟರ್ ಕಲಿತವಳು, ಅಷ್ಟೇ. ಆದರೆ ಅದರಲ್ಲಿ ಹುರುಳಿಲ್ಲ ಎಂದೇ ನಂಬಿದ್ದೆ. ನಮ್ಮ ಯಜಮಾನರು ಹೋದ ಮೇಲೆ, ಕೊಡಿಗೇನಹಳ್ಳಿಯ ಪಕ್ಕದ ಮನೆಯವರು "ಅಂಗಡಿ ಬಾಗ್ಲಲ್ಲಿ ನಿಂತಂಗಿತ್ತು ಕಣಮ್ಮ" ಎಂದಾಗಲೂ ನನಗೆ ಅವರ ಮೇಲೆ ಸಿಟ್ಟೇ ಬಂದಿತ್ತು. ಈಗ ಅದೇ ನಾನು ಇದನ್ನು ಬರೆಯಲು ಕೂತಿದ್ದೇನೆ. ನೀವು ನಂಬಬೇಕೆಂದು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮೊದಲು ನನ್ನ ಕೆಲಸದ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮಧುಗಿರಿಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಾವು ಹತ್ತು ಹನ್ನೆರಡು ಹೆಂಗಸರು ದಿನವಿಡೀ ಎದೆಯ ಎಕ್ಸ್‌ರೇ ಚಿತ್ರಗಳನ್ನು ನೋಡುತ್ತೇವೆ. ಎದೆಯ ಚಿತ್ರ ನೋಡಿ ಕಾಯಿಲೆ ಗುರುತಿಸುವ ಯಂತ್ರವೊಂದನ್ನು ಯಾವುದೋ ಸಂಶೋಧನೆಯವರು ತಯಾರು ಮಾಡುತ್ತಿದ್ದಾರೆ. ಡೀಪ್ ಲರ್ನಿಂಗ್ ಎನ್ನುತ್ತಾರೆ. ಅದು ಮಕ್ಕಳ ಹಾಗೆ ನೋಡಿ ನೋಡಿಯೇ ಕಲಿಯುತ್ತದೆ. ಅನುಮಾನ ಬಂದ ಕಡೆ ಒಂದು ಕೆಂಪು ಚೌಕ ಹಾಕುತ್ತದೆ. ಅಂಗಿಯ ಗುಂಡಿ, ಸೇಫ್ಟಿ ಪಿನ್ನು, ತಾಯಿತ, ಇಂಥವನ್ನು ಶ್ವಾಸಕೋಶದ ಗಂಟು ಎಂದು ತಿಳಿದು ಚೌಕ ಹಾಕಿದ್ದರೆ ಅದನ್ನು ತೆಗೆದುಹಾಕುವುದು ನಮ್ಮ ಕೆಲಸ. ನಿಜವಾದ ಅನುಮಾನವಿದ್ದರೆ ಚೌಕ ಹಾಗೇ ಉಳಿಸುತ್ತೇವೆ. ಉಳಿದವು ಮಾತ್ರ ಡಾಕ್ಟರುಗಳಿಗೆ ಹೋಗುತ್ತವೆ. ಚಿತ್ರದಲ್ಲಿ ಹೆಸರು, ಊರು ಏನೂ ಇರುವುದಿಲ್ಲ. ಒಮ್ಮೆ ಗುಂಡಿ ಒತ್ತಿದರೆ ಚಿತ್ರ ಹೋಯಿತು, ಮತ್ತೆ ನಮಗೆ ಸಿಗುವುದಿಲ್ಲ.

ನಮ್ಮ ಕಡೆಯ ಚಿತ್ರಗಳಲ್ಲಿ ಯಂತ್ರ ಎಡವುತ್ತಿದ್ದದ್ದು ಕರಡಿಗೆಯ ಹತ್ತಿರ. ನಮ್ಮ ಜನ ಇಷ್ಟಲಿಂಗವನ್ನು ಬೆಳ್ಳಿಯ ಪುಟ್ಟ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡಿರುತ್ತಾರೆ. ಎಕ್ಸ್‌ರೇ ತೆಗೆಯುವಾಗಲೂ ಮೈಯಿಂದ ಬೇರೆ ಮಾಡಲು ಒಪ್ಪುವುದಿಲ್ಲ. ಎಲ್ಲೋ ದೂರದಲ್ಲಿ ತಯಾರಾದ ಯಂತ್ರಕ್ಕೆ ಅದೆಲ್ಲ ಹೇಗೆ ಗೊತ್ತಾಗಬೇಕು? ಎದೆಯ ಮೇಲೆ ಮೊಟ್ಟೆಯಾಕಾರದ ಬೆಳ್ಳನೆ ಗುರುತು ಕಂಡ ಕೂಡಲೇ ಕೆಂಪು ಚೌಕ. ನಾನು ದಿನಕ್ಕೆ ಎಷ್ಟೋ ಕರಡಿಗೆಗಳ ಚೌಕ ತೆಗೆಯುತ್ತಿದ್ದೆ. ದೊಡ್ಡ ದೊಡ್ಡವರು ಮಾಡಿದ ಯಂತ್ರಕ್ಕೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂಬ ಹೆಮ್ಮೆ ನನಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಹಾಗಿರುವಾಗ ಒಂದು ವರ್ಷ ಇದೇ ಯಂತ್ರವಿದ್ದ ಎಕ್ಸ್‌ರೇ ವ್ಯಾನು ನಮ್ಮ ಕೊಡಿಗೇನಹಳ್ಳಿಗೂ ಬಂತು. ಯಜಮಾನರಿಗೆ ಸಣ್ಣ ಕೆಮ್ಮು. ದಿನಸಿ ಅಂಗಡಿ, ಮೆಣಸಿನಕಾಯಿ ಧೂಳು, ಕೆಮ್ಮು ಇದ್ದದ್ದೇ ಎನ್ನುತ್ತಿದ್ದರು. ನಾನೇ ಬಲವಂತ ಮಾಡಿ ಕರೆದುಕೊಂಡು ಹೋದೆ. ಕರಡಿಗೆ ತೆಗೆಯಲು ಅವರು ಒಪ್ಪಲಿಲ್ಲ. ಚಿತ್ರ ಬಂತು. ಕರಡಿಗೆಯ ಸುತ್ತ ಕೆಂಪು ಚೌಕ. ವ್ಯಾನಿನ ಹುಡುಗಿ, "ಇದನ್ನ ಪಕ್ಕಕ್ಕೆ ಸರಿಸಿ ಇನ್ನೊಂದು ತೆಗೆಸ್ಕೊಂಡ್ರೆ ಒಳ್ಳೇದು, ತುಮಕೂರಲ್ಲಿ ಒಂದ್ಸಲ ತೋರ್ಸಿ" ಎಂದಳು. ಯಜಮಾನರು ನಕ್ಕುಬಿಟ್ಟರು.

"ನೋಡ್ದೇನೇ, ಇಷ್ಟು ವರ್ಷ ಪೂಜೆ ಮಾಡಿದ್ರೂ ನಂಗೆ ಕಾಣದ ಸ್ವಾಮಿ ಮಿಷನ್‌ಗೆ ಕಂಡ್ಬುಟ್ಟ!"

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. "ಅದು ಕರಡಿಗೆ ಕಣ್ರೀ, ದಿನಾ ಇಂಥವು ಎಷ್ಟು ತೆಗೀತೀನಿ. ಏನೂ ಇಲ್ಲ ನಡೀರಿ" ಎಂದೆ. ವ್ಯಾನಿನವರ ಮಾತಿಗಿಂತ ನನ್ನ ಮಾತನ್ನು ಅವರು ನಂಬಿದರು. ಅದೇ ನನ್ನ ಕೆಲಸವಲ್ಲವೇ.

ಎಂಟು ತಿಂಗಳಲ್ಲಿ ಅವರು ಇರಲಿಲ್ಲ. ಗಂಟು ಸರಿಯಾಗಿ ಕರಡಿಗೆಯ ಹಿಂದೆಯೇ ಇತ್ತು. ಹಳೆಯ ಫಿಲಂ ನೋಡಿದ ಡಾಕ್ಟರು, ಆಗ ಇಷ್ಟೇ ಇದ್ದಿರಬಹುದು ಎಂದು ಬೆರಳಿನ ತುದಿ ತೋರಿಸಿದರು. ಯಾರನ್ನೂ ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಮಣ್ಣು ಮಾಡುವಾಗ ಲಿಂಗವನ್ನು ಅಂಗೈಯಲ್ಲಿಟ್ಟು, ಕರಡಿಗೆಯನ್ನು ಕೊರಳಲ್ಲೇ ಬಿಟ್ಟೆವು. ಬೆಳ್ಳಿಯದು, ಮಗಳಿಗೆ ಇಟ್ಟುಕೋ ಎಂದು ಯಾರೋ ಹೇಳಿದರು. ನಾನು ಒಪ್ಪಲಿಲ್ಲ. ಆ ಕರಡಿಗೆಯ ಒಂದು ಕೊಂಡಿ ಹಿಂದೆಯೇ ಮುರಿದಿತ್ತು. ಅಕ್ಕಸಾಲಿಗನ ಹತ್ತಿರ ಹೋಗಲು ಸೋಮಾರಿತನ, ಅವರೇ ಕರೆಂಟಿನ ತಾಮ್ರದ ತಂತಿ ಮೂರು ಸುತ್ತು ಸುತ್ತಿ, ಇಕ್ಕಳದಲ್ಲಿ ತಿರುಚಿ ಬಿಗಿದಿದ್ದರು. ಕೊನೆಯದಾಗಿ ನಾನು ಮುಟ್ಟಿದ್ದು ಆ ತಂತಿಯನ್ನೇ. ಮಣ್ಣು ಮುಚ್ಚುವುದನ್ನು ಕಣ್ಣಾರೆ ನೋಡಿದ್ದೇನೆ.

ಅದಾಗಿ ಐದು ತಿಂಗಳಿಗೆ ನಮ್ಮ ಕಚೇರಿಯವರಿಗೂ ಎಕ್ಸ್‌ರೇ ತೆಗೆದರು. ಮೈಮೇಲಿನ ಸರ, ಪಿನ್ನು ಎಲ್ಲ ತೆಗೆದಿಡಿ ಎಂದರು. ನನ್ನ ಮೈಮೇಲೆ ತೆಗೆಯಲು ಏನೂ ಉಳಿದಿರಲಿಲ್ಲ. ನನ್ನ ಲಿಂಗವನ್ನು ನಾನು ಪೂಜೆಯ ಹೊತ್ತಿಗಷ್ಟೇ ಧರಿಸುವುದು.

ಮೂರು ನಾಲ್ಕು ದಿನ ಕಳೆದಿರಬೇಕು. ಊಟವಾಗಿ ಕೂತಿದ್ದೆವು. ಮಟಮಟ ಮಧ್ಯಾಹ್ನ. ಕಿಟಕಿಯಾಚೆ ಬೆಟ್ಟ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಒಂದಾದ ಮೇಲೊಂದು ಚಿತ್ರ ಬರುತ್ತಿತ್ತು. ಒಂದರಲ್ಲಿ ಕರಡಿಗೆ, ಸುತ್ತ ಕೆಂಪು ಚೌಕ. ತೆಗೆಯಲು ಬೆರಳು ಎತ್ತಿದೆ. ಆಗ ಕೊಂಡಿಯ ಮೇಲೆ ಕಣ್ಣು ಬಿತ್ತು. ಮೂರು ಸುತ್ತು ತಂತಿ. ತುದಿ ಎಡಕ್ಕೆ ತಿರುಚಿದ್ದು.

ಯಜಮಾನರ ಹಳೆಯ ಚಿತ್ರ ಹೇಗೋ ನನ್ನ ಪಾಲಿಗೆ ಬಂದಿದೆ ಎಂದುಕೊಂಡೆ. ಎದೆ ಒಡೆದ ಹಾಗಾಯಿತು, ಆದರೆ ಹೆದರಿಕೆ ಆಗಲಿಲ್ಲ. ಅವರನ್ನು ಇನ್ನೊಂದು ಸಲ ನೋಡೋಣ ಎಂದು ಚಿತ್ರವನ್ನು ದೊಡ್ಡದು ಮಾಡಿದೆ. ಅದು ಗಂಡಸಿನ ಎದೆಯಾಗಿರಲಿಲ್ಲ. ಹೆಂಗಸಿನದು. ಬಲಗಡೆಯ ಕೊರಳ ಮೂಳೆ ನಡುವೆ ಉಬ್ಬಿತ್ತು. ಏಳನೇ ಕ್ಲಾಸಿನಲ್ಲಿದ್ದಾಗ ಹುಣಸೆಮರದಿಂದ ಬಿದ್ದು ಅದೇ ಮೂಳೆ ಮುರಿದುಕೊಂಡಿದ್ದೆ. ನೆಟ್ಟಗೆ ಕೂಡಲಿಲ್ಲ. ಈಗಲೂ ಸೆರಗಿನ ಕೆಳಗೆ ಕೈಯಿಟ್ಟರೆ ಆ ಉಬ್ಬು ಸಿಗುತ್ತದೆ. ಆಗಲೂ ಕೈಯಿಟ್ಟು ನೋಡಿಕೊಂಡೆ. ಚಿತ್ರದಲ್ಲಿದ್ದದ್ದು ನನ್ನದೇ ಎದೆ.

ಪಕ್ಕದಲ್ಲಿ ಕೂರುವ ಶಬಾನಾ ಸಿರಾದವಳು, ನನಗಿಂತ ಚಿಕ್ಕವಳು. ನನ್ನ ಮುಖ ನೋಡಿ ಕುರ್ಚಿ ಎಳೆದುಕೊಂಡು ಬಂದಳು.

"ಯಾಕಕ್ಕ, ಇಷ್ಟು ಪರೇಶಾನ್ ಆಗಿದ್ದೀಯ? ಅರೆ, ಕರಡಿಗೆ ಅಲ್ವಾ ಇದು! ನನಗೆ ಕಲಿಸಿದವಳೇ ನೀನು. ನಿದ್ದೆ ಬಂದೈತೆ ನಿಂಗೆ, ಬುಡು."

ಹೇಳುತ್ತಲೇ ಕೈ ಚಾಚಿ ಗುಂಡಿ ಒತ್ತಿಬಿಟ್ಟಳು. ಚೌಕ ಹೋಯಿತು. ಚಿತ್ರವೂ ಹೋಯಿತು.

ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ. ನೆನಪಿರುವುದು ಒಂದೇ. ಅಂದು ನಾನು ಯಜಮಾನರಿಗೆ ಮಾಡಿದ್ದನ್ನೇ ಈಗ ಶಬಾನಾ ನನಗೆ ಮಾಡಿದಂತಾಯಿತು, ಆರನೇ ಕ್ಲಾಸಿನಲ್ಲಿರುವ ನನ್ನ ಮಗಳು ಗೌರಿಗೆ ಇನ್ನು ಯಾರು ಗತಿ ಎಂಬುದು.

ನಮ್ಮ ಮೇಲ್ವಿಚಾರಕ ಮಂಜುನಾಥ, ಪಾವಗಡದ ಕಡೆಯವನು, ನೀರು ತಂದುಕೊಟ್ಟ. ಕಂಡದ್ದನ್ನೆಲ್ಲ ಅವನಿಗೆ ಹೇಳಿದೆ. "ಅಯ್ಯೋ ಭಯಪಡ್ಬೇಡಮ್ಮ. ಒಬ್ಬರ ಎದೆ ಮೇಲೆ ಇನ್ನೊಬ್ಬರ ನೆರಳು ಅಂಟಿಸಿ ಹೊಸ ಚಿತ್ರ ಮಾಡ್ತಾರೆ, ಮಿಷನ್‌ಗೆ ಕಲಿಸೋಕೆ. ಕರಡಿಗೆ ಚಿತ್ರ ಜಾಸ್ತಿ ಬೇಕಾಗಿರ್ತದೆ, ಅಷ್ಟೇ" ಎಂದ. ಕೇಳಿ ನನಗೂ ಹಾಗೇ ಇರಬೇಕು ಅನ್ನಿಸಿತು. ನಮ್ಮ ಎಕ್ಸ್‌ರೇಗಳನ್ನು ಆಗಲೇ ಅವರಿಗೆ ಕಳಿಸಿಯಾಗಿದೆ ಎಂದು ತೋರಿಸಲು ಅವನೇ ಮೇಜಿನ ಡ್ರಾಯರ್ ಎಳೆದ. ಆದರೆ ನಮ್ಮೆಲ್ಲರ ಎಕ್ಸ್‌ರೇ ಇದ್ದ ಡಿಸ್ಕು ಅಲ್ಲೇ ಇತ್ತು, ಅಂಟಿಸಿದ ಲಕೋಟೆಯಲ್ಲಿ. ಇನ್ನೂ ಯಾರಿಗೂ ಕಳಿಸಿರಲಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ನನ್ನ ಹೆಸರಿನ ಪಟ್ಟಿ ತೆಗೆದ. ಆ ಮಧ್ಯಾಹ್ನ ನಾನು ನೋಡಿದ ಚಿತ್ರವೆಲ್ಲ ಅದರಲ್ಲಿತ್ತು, ಅದೊಂದನ್ನು ಬಿಟ್ಟು. ಅದು ಇರಬೇಕಾದ ಕಡೆ ಆರು ನಿಮಿಷ ನಾನು ಕೆಲಸವನ್ನೇ ಮಾಡಿರಲಿಲ್ಲ ಎಂದು ತೋರಿಸುತ್ತಿತ್ತು.

"ನಾನೂ ನೋಡಿದೆ ಸಾರ್, ಅಲ್ಲಾಣೆ" ಎಂದು ಶಬಾನಾ ಅಳತೊಡಗಿದಳು. ಮಂಜುನಾಥ ಪಟ್ಟಿ ಮುಚ್ಚಿ ಡ್ರಾಯರಿಗೆ ಬೀಗ ಹಾಕಿದ. ಆಮೇಲೆ ಎಂದೂ ಅವನಾಗಿ ಆ ವಿಷಯ ಎತ್ತಲಿಲ್ಲ.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಕೊರಟಗೆರೆ ದಾರಿಯಲ್ಲಿ ತುಮಕೂರಿಗೆ ಹೋದೆ. ಎಕ್ಸ್‌ರೇ ಆಯಿತು, ಸ್ಕ್ಯಾನ್ ಆಯಿತು. ಚಿತ್ರದಲ್ಲಿ ಕರಡಿಗೆ ಕಂಡಿದ್ದ ಜಾಗ ಇದೇ ಎಂದು ಬೆರಳಿಟ್ಟು ತೋರಿಸಿದೆ. ಡಾಕ್ಟರು ಎರಡೆರಡು ಸಲ ನೋಡಿ, ಏನೂ ಇಲ್ಲ ತಾಯಿ, ಮನೆಗೆ ಹೋಗಿ ಎಂದರು. ಆರು ತಿಂಗಳಿಗೆ ಮತ್ತೆ ಹೋದೆ. ಆಮೇಲೆ ಇನ್ನೊಂದು ಸಲ. ಮೂರೂ ಸಲ ಅದೇ ಮಾತು. ಇನ್ನು ಬರಬೇಡಿ, ಸುಮ್ಮನೆ ಇಷ್ಟು ಸಲ ಎಕ್ಸ್‌ರೇ ಒಳ್ಳೆಯದಲ್ಲ ಎಂದು ಈಗ ಗದರಿದ್ದಾರೆ. ಆದರೂ ಹೋಗುತ್ತೇನೆ ಎಂದು ಕಾಣುತ್ತದೆ.

ಕೆಲಸ ಬಿಟ್ಟಿಲ್ಲ, ಬಿಟ್ಟರೆ ನಡೆಯುವುದಿಲ್ಲ. ಕರಡಿಗೆ ಇರುವ ಚಿತ್ರ ಬಂದರೆ ಚೌಕ ತೆಗೆಯುವುದಿಲ್ಲ, ಎಲ್ಲವನ್ನೂ ಡಾಕ್ಟರಿಗೆ ಕಳಿಸುತ್ತೇನೆ. ತಪ್ಪು ಜಾಸ್ತಿಯಾಗುತ್ತಿದೆ ಎಂದು ಮೇಲಿನವರಿಂದ ಬೈಗುಳ ಬರುತ್ತದೆ. ಬೈಸಿಕೊಳ್ಳುತ್ತೇನೆ.

ಯಜಮಾನರು ಬದುಕಿದ್ದಾಗ ಯಾರನ್ನೂ ಹೆದರಿಸಿದವರಲ್ಲ. ಅವರೇ ಬಂದಿದ್ದರೆ, ಎಚ್ಚರಿಸಲು ಬಂದಿರಬೇಕು ಎಂದು ಹಗಲಿನಲ್ಲಿ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹಾಗಿದ್ದರೆ ಡಾಕ್ಟರಿಗೆ ಏಕೆ ಏನೂ ಕಾಣುತ್ತಿಲ್ಲ? ಎಚ್ಚರಿಸಲು ಅಲ್ಲದಿದ್ದರೆ, ಅಂದು ನಾನು ಆಡಿದ ಮಾತಿಗೆ ಲೆಕ್ಕ ಕೇಳಲು ಬಂದರೇ? ಅಥವಾ ಒಬ್ಬರೇ ಇರಲಾರದೆ ನನ್ನನ್ನು ಕರೆಯಲು ಬಂದರೇ? ಹದಿಮೂರು ವರ್ಷ ಒಂದೇ ಮನೆಯಲ್ಲಿ ಬಾಳಿದವಳು ನಾನು, ಅವರ ಮನಸ್ಸು ನನಗೆ ತಿಳಿಯಬೇಕಿತ್ತು. ತಿಳಿಯುತ್ತಿಲ್ಲ. ಗೌರಿ ಒಂದು ದಡ ಸೇರುವವರೆಗೆ ಸ್ವಲ್ಪ ತಡೆಯಿರಿ ಎಂದು ಮಾತ್ರ ಅವರನ್ನು ಕೇಳಿಕೊಳ್ಳುತ್ತಿದ್ದೇನೆ.