ಅತ್ತಿ ಹುಡುಕುತ್ತಿದ್ದ ಸ್ತೋತ್ರ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಯಾವ ಭಾನುವಾರ ಯಾರು ಏನೆಂದರು ಎಂಬ ವಿಷಯದಲ್ಲಿ ನನ್ನ ನೆನಪನ್ನು ಪೂರ್ತಿ ನಂಬಬೇಡಿ. ಕಳೆದ ವಾರ ಕೆಲಸದ ಮೇಲೆ ಇಳಕಲ್ಲಿಗೆ ಹೋದಾಗ ಒಂದು ಓಣಿಯಲ್ಲಿ ನೂಲಿಗೆ ಹಚ್ಚುವ ಗಂಜಿಯ ಹುಳಿವಾಸನೆ ಬಂತು. ಅಪ್ಪನ ಅಕ್ಕ, ಎಸ್ತರತ್ತಿಯ ಮನೆಯ ವಾಸನೆ ಅದು.

ಅತ್ತಿ ಸೀರೆ ನೇಯುತ್ತಿದ್ದಳು. ಭಾನುವಾರ ಮಗ್ಗಕ್ಕೆ ರಜೆ. ಅಪ್ಪ, ಅವ್ವ, ನಾನು ಹುನಗುಂದದಿಂದ ಬಸ್ಸು ಹಿಡಿದು ಇಳಕಲ್ಲಿಗೆ ಹೋಗುತ್ತಿದ್ದೆವು. ಊಟವಾದ ಮೇಲೆ ಮನೆಪ್ರಾರ್ಥನೆ. ಅದರಲ್ಲಿ ಅತ್ತಿಯದೇ ಒಂದು ಪದ್ಧತಿ: ಕೂತವರನ್ನು ಒಬ್ಬೊಬ್ಬರಾಗಿ ಹಿಡಿದು, ಅವರೊಬ್ಬರಲ್ಲೇ ಇರುವ ಏನಾದರೊಂದಕ್ಕೆ ದೇವರಿಗೆ ಸ್ತೋತ್ರ, ಅಂದರೆ ಕೃತಜ್ಞತೆ, ಹೇಳುವುದು. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ನಡೆಯದು.

"ಇವ್ರು ಸಾರಿಗೆ ಉಪ್ಪಿಲ್ಲಂದ್ರೂ ಉಂಡು ಕೈ ತೊಳದ ಮ್ಯಾಲೇ ಹೇಳ್ತಾರ. ಸ್ತೋತ್ರ, ಕರ್ತನೇ." ಇದು ಅತ್ತಿಯ ಗಂಡ, ಮಾಮನ ಪಾಲಿನದು.

"ಈಕಿ ಒಂದ ಮಾತು ಮೂರು ಸಲ ಕೇಳ್ತಾಳ. ಸ್ತೋತ್ರ." ಇದು ನನ್ನದು. ಎಂ.ಎ. ಮುಗಿಯುವವರೆಗೂ ನಾನು ಅದನ್ನು ಹೊಗಳಿಕೆಯೆಂದೇ ತಿಳಿದಿದ್ದೆ.

ಪಕ್ಕದ ಮನೆಯ ನೀಲಮ್ಮ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಮಜ್ಜಿಗೆ ಕೊಡಲು ಬಂದು ಹೊಸ್ತಿಲಲ್ಲೇ ಕೂತುಬಿಡುತ್ತಿದ್ದಳು. "ನನಗೂ ಒಂದು ಹೇಳ್ರಿ ಅಕ್ಕಾರ. ನಿಮ್ಮ ದೇವರೇನು ಬ್ಯಾಡ ಅನ್ನೂದಿಲ್ಲಲ್ಲ?" ಅವಳ ನಗು ಗೋಡೆ ದಾಟಿ ಬರುವುದಕ್ಕೂ ಅತ್ತಿ ಸ್ತೋತ್ರ ಹೇಳಿದಳು.

ಅವ್ವನ ಸರದಿ ಬಂದಾಗ ಮಾತ್ರ: "ಕಮಲಾನದು ಇನ್ನಾ ಹುಡುಕಾಕತ್ತೇನಿ, ಕರ್ತನೇ. ತೋರ್ಸು."

ವರ್ಷಗಟ್ಟಲೆ ಹೀಗೇ. ಮರಳುವ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ, "ಬೆಳಗಿನಿಂದ ರೊಟ್ಟಿ ಬಡದೇನಿ. ಅದೂ ಕಾಣ್ಲಿಲ್ಲೇನು?" ಎನ್ನುವಳು. "ರೊಟ್ಟಿ ಎಲ್ಲಾರೂ ಬಡೀತಾರ" ಎಂದು ಅಪ್ಪ ಒಮ್ಮೆ ಅಂದ.

ಒಂದು ದಿನ ಅವ್ವ ಬಾಯಿಬಿಟ್ಟು ಕೇಳಿದಳು. "ಏನರ ಒಂದು ಹೇಳಿಬಿಡ್ರಿ, ಅಕ್ಕಾರ."

"ದೇವರ ಮುಂದ ಸುಳ್ಳು ಹೇಳಲೇನು? ನಿನ್ನ ಮಾಡೂಮುಂದ ಆಂವ ಏನರ ಒಂದು ಬ್ಯಾರೇ ಇಟ್ಟೇ ಇಟ್ಟಾನ. ನನ್ನ ಕಣ್ಣಿಗೆ ಬಿದ್ದಿಲ್ಲ, ಅಷ್ಟ."

ಆಗ ನನಗೆ ಅತ್ತಿ ಕಠೋರಳೆನಿಸಿತ್ತು. ಈಗ ಅಷ್ಟು ಖಚಿತವಿಲ್ಲ. ಸುಮ್ಮನೆ ಒಂದು ಒಳ್ಳೆಯ ಮಾತು ಅಂದು ಮುಗಿಸುವುದು ಸುಲಭವಿತ್ತು. ಎಷ್ಟೋ ಜನರ ವಿಷಯದಲ್ಲಿ ನಾನು ಮಾಡುವುದೂ ಅದನ್ನೇ. ಅತ್ತಿ ಅವ್ವನನ್ನು ವಾರವಾರವೂ ನೋಡುತ್ತಲೇ ಇದ್ದಳು.

ಅತ್ತಿ ಹಾಸಿಗೆ ಹಿಡಿದಾಗ ಮಾಮ ತೀರಿಹೋಗಿದ್ದ. ನಾಲ್ಕು ತಿಂಗಳು ಅವಳ ಜೊತೆಗಿದ್ದು ನೋಡಿಕೊಂಡವಳು ಅವ್ವ. ನಾನು ಬಾಗಲಕೋಟೆಯಲ್ಲಿ ನೌಕರಿಯಲ್ಲಿದ್ದೆ. ಎರಡೋ ಮೂರೋ ಸಲ ಹೋಗಿರಬೇಕು. ಅತ್ತಿಯ ಕೊನೆಯ ಭಾನುವಾರಗಳಲ್ಲಿ ಪ್ರಾರ್ಥನೆಗೆ ಕೂತವರು ಅವರಿಬ್ಬರೇ.

ಇಳಕಲ್ಲಿನಿಂದ ಮರಳಿ ಬಂದ ದಿನ ಡೈರಿ ತೆಗೆದು ಅವ್ವನ ಹೆಸರು ಬರೆದೆ. ತಾಳ್ಮೆ ಎಂದು ಬರೆದು ಹೊಡೆದುಹಾಕಿದೆ. ದುಡಿಮೆ ಎಂದೆ, ಅದನ್ನೂ ಹೊಡೆದುಹಾಕಿದೆ. ಯಾರ ತಾಯಿಗಾದರೂ ಹೊಂದುವ ಮಾತುಗಳು. ನಲವತ್ತು ವರ್ಷ ಅವ್ವನನ್ನು ನೋಡಿ ನಾನು ಕಂಡದ್ದು ಇಷ್ಟೇ.

ಎದ್ದು ಅಡುಗೆಮನೆಗೆ ಹೋದೆ. ಅವ್ವ ಮೆಂತ್ಯೆಪಲ್ಲೆ ಸೋಸುತ್ತಿದ್ದಳು. ಕೇಳಿದೆ. ಅವಳು ಕಡ್ಡಿ ಒಗೆಯಲು ಎದ್ದು ಹಿತ್ತಲಿಗೆ ಹೋದಳು. ಮರುದಿನ ಮತ್ತೆ ಕೇಳಿದೆ. ಇವತ್ತು ಮೂರನೆಯ ಸಲ:

"ಕಡೀಗೆ ಅತ್ತಿಗೆ ನಿಂದು ಸಿಕ್ತೇನವ್ವಾ?"