ಅಜ್ಜಿಯ ಮುಖವಾಡದ ಹಿಂದೆಯೂ ನಾನೇ

ತಪ್ಪು ನನ್ನದೇ. ಬೇರೆಯವರ ಬಾಯಿಂದ ಕೇಳುವ ಬದಲು ನಾನೇ ಹೇಳಿಬಿಡುತ್ತೇನೆ. ನಮ್ಮ ಬ್ಯಾಂಡಿನ ಎರಡನೇ ಗಾಯಕ, ಶಾಲೆಯಿಂದಲೂ ನನ್ನ ಗೆಳೆಯ, ಬ್ಯಾಂಡು ಬಿಟ್ಟದ್ದು ನನ್ನ ಅಣಕದಿಂದ. ಪ್ರತಿ ಕಾರ್ಯಕ್ರಮದಲ್ಲೂ ಹಾಡು ಹಾಡಿನ ನಡುವೆ ನಾನು ಮೈಕು ಹಿಡಿದು ಅವನಂತೆ ಮಾತಾಡುತ್ತಿದ್ದೆ. ಅವನ ಉಡುಪಿಯ ರಾಗ, ಮಾತಿಗೊಂದು ‘ಮಾರಾಯ’, ಹೇಳಲೋ ಬೇಡವೋ ಎನ್ನುವ ಆ ಸಂಕೋಚ, ಒಂದೂ ಬಿಡುತ್ತಿರಲಿಲ್ಲ. ಜನ ನಗುತ್ತಿದ್ದರು. ಒಂದು ದಿನ ಅವನು ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಸಾಕು, ಎಂದ. ನಾನು ಕ್ಷಮೆ ಕೇಳಿದೆ. ಅವನದೇ ದನಿಯಲ್ಲಿ ಕೇಳಿದೆ. ಅವನು ತಾನು ವೇದಿಕೆಯಲ್ಲಿ ಹಾಕುತ್ತಿದ್ದ ಅಜ್ಜಿಯ ಮುಖವಾಡವನ್ನು ನನ್ನ ಕೈಯಲ್ಲಿಟ್ಟು ಕಲ್ಯಾಣದ ರೈಲು ಹತ್ತಿದ.

ಅಲ್ಲಿಗೇ ನಿಲ್ಲಿಸಿದ್ದರೆ ಸಾಮಾನ್ಯ ಮೂರ್ಖ ಅನ್ನಿಸಿಕೊಳ್ಳುತ್ತಿದ್ದೆ. ನಿಲ್ಲಿಸಲಿಲ್ಲ.

ನಾವು ನುಡಿಸುವುದು ಹೆವಿ ಮೆಟಲ್, ಅದರಲ್ಲೂ ವೇಷ ಕಟ್ಟಿ ಕುಣಿಯುವ ಬಗೆ. ಬ್ಯಾಂಡಿನ ಹೆಸರು ಹೇಳಿ ಪ್ರಯೋಜನವಿಲ್ಲ. ಪೋಸ್ಟರಿನಲ್ಲಿ ಅದನ್ನು ಮುಳ್ಳುಬೇಲಿಯ ಹಾಗೆ ಬರೆಸಿದ್ದೆವು, ನಮ್ಮಮ್ಮನಿಗೆ ಇವತ್ತಿಗೂ ಓದಲು ಬಂದಿಲ್ಲ. ಕಥೆ ಇಷ್ಟೇ. ಜಗತ್ತನ್ನು ನುಂಗಲೆಂದು ಒಬ್ಬ ರಕ್ಕಸ ಡೊಂಬಿವಲಿಯಲ್ಲಿ ಮುಂಬಯಿಯ ಲೋಕಲ್ ರೈಲು ಹತ್ತುತ್ತಾನೆ. ಕಿಟಕಿಯ ಪಕ್ಕ ಕೂತ ಅಜ್ಜಿಯೊಬ್ಬಳು ಅವನಿಗೆ ಜಾಗ ಬಿಡುವುದಿಲ್ಲ. ಅವರಿಬ್ಬರ ಜಗಳವೇ ಕಾರ್ಯಕ್ರಮ. ಬೇಸ್ ಗಿಟಾರ್ ನುಡಿಸುವವನ ಮನೆಯವರು ಕಲ್ಯಾಣದಲ್ಲಿ ಗಣಪತಿ ಮೂರ್ತಿ ಮಾಡುತ್ತಾರೆ. ಹಬ್ಬ ಮುಗಿದು ಉಳಿದ ಪ್ಲಾಸ್ಟರಿನಲ್ಲಿ ಅವನ ಅಪ್ಪನೇ ನಮ್ಮ ಮುಖವಾಡ ಮಾಡಿಕೊಟ್ಟರು. ನಮ್ಮ ರಕ್ಕಸನ ಕಿವಿ ಅಷ್ಟು ಅಗಲ ಯಾಕೆ ಎಂದು ಕೇಳುವವರಿಗೆ ಉತ್ತರ ಅದೇ.

ಶುರುವಿನಲ್ಲಿ ಅಜ್ಜಿ ಇರಲಿಲ್ಲ. ನಾನೊಬ್ಬನೇ ರಕ್ಕಸ, ಒಬ್ಬನೇ ಗರ್ಜಿಸುತ್ತಿದ್ದೆ. ಹಾಡುಗಳೆಲ್ಲ ಗಾಡಿ ತಪ್ಪಿಹೋಗುತ್ತದೆ ಎಂಬಂತೆ ಓಡುತ್ತಿದ್ದವು. ಠಾಣೆ ಊರಿನ ಒಬ್ಬ ಪುಣ್ಯಾತ್ಮ ನಮ್ಮ ಮೊದಲ ರೆಕಾರ್ಡ್ ಹೊರತಂದ. ಅವನ ಮಲಗುವ ಕೋಣೆಯೇ ಅವನ ಕಂಪನಿ. ಅವನಿಗೆ ಗದ್ದಲವೇ ಪ್ರೀತಿ, ಸ್ವಲ್ಪ ಸ್ಪಷ್ಟವಾಗಿ ಕೇಳಿಸಿದರೆ ಸರಿಯಾಗಿಲ್ಲ, ಮತ್ತೆ ನುಡಿಸಿ ಎನ್ನುತ್ತಿದ್ದ. ನಮ್ಮಮ್ಮ ಅದನ್ನು ಅರ್ಧ ಹಾಡು ಕೇಳಿ, “ಮಿಕ್ಸರ್‌ನ್ಯಾಗ ಚಮಚಾ ಬಿದ್ದಂಗ ಐತಿ, ಬಂದ್ ಮಾಡ ಅದನ್ನ,” ಅಂದಳು. ಅಮ್ಮ ಬಾಗಲಕೋಟೆಯ ಕಡೆಯವಳು, ವಿಮರ್ಶೆಯನ್ನು ಸುತ್ತುಬಳಸಿ ಮಾಡುವವಳಲ್ಲ.

ಮೊದಲ ಡ್ರಮ್ಮರ್ ಪುಣೆಯಲ್ಲಿ ಕೆಲಸ ಸಿಕ್ಕಿ ಹೋದ. ಅವನ ಜಾಗಕ್ಕೆ ಖಾರಘರದ ಹುಡುಗಿಯೊಬ್ಬಳು ಬಂದಳು, ನಮ್ಮ ಕಡೆಯ ಮನೆತನದವಳೇ. ಬಂದ ದಿನವೇ ಕೋಲು ಕೆಳಗಿಟ್ಟು, “ಓಡೂದ್ಯಾಕ? ರಕ್ಕಸ ಅಂದಮ್ಯಾಲ ನಡಕೋಂತ ಬರ್ಲಿ, ಮಂದಿ ತಾವಾಗೇ ಸರಿತಾರ,” ಎಂದಳು. ಹಾಗೆ ನಮ್ಮ ಹಾಡು ನಿಧಾನವಾಯಿತು, ನಿಧಾನವಾದದ್ದೇ ಭಾರವೂ ಆಯಿತು. ಆಮೇಲೆ ನನ್ನ ಗೆಳೆಯ ಬಂದ. ಅವನ ಅಪ್ಪನದು ಕಲ್ಯಾಣದಲ್ಲಿ ಒಂದು ಉಡುಪಿ ಹೋಟೆಲು. ಅವನು ಚಿಕ್ಕಂದಿನಿಂದ ಡೊಂಬಿವಲಿಯಲ್ಲಿ ಶನಿವಾರದ ಭಜನೆಗೆ ಹೋಗಿ ಕಂಠ ಪಳಗಿಸಿಕೊಂಡವನು. ತುರ್ಭೆಯಲ್ಲಿ ನಾವು ಅಭ್ಯಾಸ ಮಾಡುತ್ತಿದ್ದ ಖಾಲಿ ಶೆಡ್ಡಿನಲ್ಲಿ ಅವನು ನಮ್ಮ ಗಿಟಾರಿನ ಗುಡುಗಿನ ಮೇಲೆ ಮೊದಲ ಸಲ ದನಿ ಎತ್ತಿದಾಗ, ಪಕ್ಕದ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವರು ಬಾಗಿಲಿಗೆ ಬಂದು ನಿಂತರು. ನನ್ನ ಗರ್ಜನೆಗೆ ಅವರು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಆ ದನಿಗೆಂದೇ ಅಜ್ಜಿ ಹುಟ್ಟಿದಳು, ಅವಳ ಮುಖವಾಡ ಅವನದಾಯಿತು. ಠಾಣೆಯವನು ಹೊಸ ಹಾಡು ಕೇಳಿ, ನೀವು ರಾಗಕ್ಕೆ ಬಿದ್ದು ಕೆಟ್ಟಿರಿ, ಎಂದು ಬೇಸರದಿಂದಲೇ ನಮ್ಮನ್ನು ಬಿಟ್ಟುಕೊಟ್ಟ. ನವಿ ಮುಂಬಯಿಯ ಇನ್ನೊಂದು ಕಂಪನಿಗೆ ನಾವು ಕೆಟ್ಟದ್ದೇ ಇಷ್ಟವಾಯಿತು. ಅವರದು ಬೇಲಾಪುರದಲ್ಲಿ ಸೋಫಾ ಇರುವ ಆಫೀಸು. ಎರಡು ದನಿ, ಎರಡು ಮುಖವಾಡ, ಅದೇ ನಿಮ್ಮ ವಿಶೇಷ, ಒಪ್ಪಂದ ಮಾಡೋಣ, ಎಂದು ಅಲ್ಲಿಯ ಸಾಹೇಬರು ಫೋನು ಮಾಡಿದರು. ಅಷ್ಟು ಹೊತ್ತಿಗೆ ಗೆಳೆಯ ಬಿಟ್ಟುಹೋಗಿ, ಅಜ್ಜಿಯ ಮುಖವಾಡ ನಮ್ಮ ಮನೆಯ ಮಂಚದಡಿ ಮಲಗಿ ಒಂದು ತಿಂಗಳಾಗಿತ್ತು.

ಅವನು ಹೋದ ಎಂದು ನಾನು ಹೇಳಬೇಕಿತ್ತು. ಎರಡು ದನಿಯೂ ಇವೆ ಸರ್, ಎಂದೆ. ಸುಳ್ಳಲ್ಲ, ಎರಡೂ ನನ್ನ ಗಂಟಲಲ್ಲೇ ಇದ್ದವು. ರೆಕಾರ್ಡಿಂಗಿನಲ್ಲಿ ರಕ್ಕಸನ ಭಾಗ ಮುಗಿಸಿ, ನೀರು ಕುಡಿದು, ಗೆಳೆಯನ ದನಿಯಲ್ಲಿ ಅಜ್ಜಿಯ ಭಾಗವನ್ನೂ ನಾನೇ ಹಾಡಿದೆ. ಅವನು ಉಸಿರು ಎಳೆಯುವ ಜಾಗದಲ್ಲೇ ಉಸಿರು ಎಳೆದೆ. ಡ್ರಮ್ಮರ್ ನನ್ನ ಮುಖವನ್ನೇ ನೋಡಿ, “ಇದು ಚಲೋ ಕೇಳಸ್ತದ, ಚಲೋ ಕೆಲಸ ಅಲ್ಲ,” ಅಂದಳು. ನಾನು ಮೊದಲರ್ಧವನ್ನು ಮಾತ್ರ ಕೇಳಿಸಿಕೊಂಡೆ.

ಕಂಪನಿ ಒಂದು ಹಾಡನ್ನು ಮೊದಲೇ ಆನ್‌ಲೈನಿಗೆ ಬಿಟ್ಟಿತು. ವಾಶಿಯಲ್ಲಿ ಬಿಡುಗಡೆಯ ಕಾರ್ಯಕ್ರಮ, ವೇದಿಕೆಯ ಮೇಲೆ ರಕ್ಕಸ ಮತ್ತು ಅಜ್ಜಿ ಎದುರುಬದುರು ನಿಂತು ಹಾಡಬೇಕು. ಆಗಷ್ಟೇ ನನ್ನ ತಲೆಗೆ ಹೊಳೆಯಿತು: ದನಿ ಎರಡಿದ್ದರೂ ದೇಹ ಒಂದೇ. ಬೇಲಾಪುರಕ್ಕೆ ಹೋಗಿ ಸಾಹೇಬರಿಗೆ ಇದ್ದದ್ದನ್ನು ಹೇಳಿದೆ. ಅವರು ಸಿಟ್ಟಾಗಲಿಲ್ಲ. ಮುಖವಾಡದ ಕೆಳಗೆ ಯಾವನಾದರೂ ನಿಲ್ಲಲಿ, ರೆಕಾರ್ಡಾದ ಅಜ್ಜಿಯ ಹಾಡನ್ನೇ ಹಿಂದಿನಿಂದ ಟ್ರ್ಯಾಕ್ ಹಾಕಿದರಾಯಿತು. ಅದೂ ಆಗದಿದ್ದರೆ ರೆಕಾರ್ಡ್ ಹೊರಬರುವುದಿಲ್ಲ, ಎಂದು ತಣ್ಣಗೆ ಹಿಂದಿಯಲ್ಲಿ ವಿವರಿಸಿದರು.

ಟ್ರ್ಯಾಕ್ ಹಾಕುವುದಿಲ್ಲ, ಎಂದೆ. ಜೀವಮಾನವೆಲ್ಲ ಬೇರೆಯವರ ದನಿ ತಿಂದು ಬದುಕಿದ ನಾನು ಹಾಗೆ ಹೇಳಿದ್ದು ನನಗೇ ವಿಚಿತ್ರವೆನಿಸಿತು. ಆದರೂ ಹೇಳಿದೆ, ಮತ್ತೆ ಕೇಳಿದಾಗ ಮತ್ತೆ ಹೇಳಿದೆ. ತುರ್ಭೆಯಲ್ಲಿ ಎಲ್ಲರಿಗೂ ತಿಳಿಸಿದಾಗ ಡ್ರಮ್ಮರ್ ತಲೆಯಾಡಿಸಿದಳು. “ಟ್ರ್ಯಾಕ್ ಹಾಕಿದ್ರ ನಾ ಬಾರ್ಸಂಗಿಲ್ಲ. ನೀನ ಕೆಡಿಸೀದಿ, ನೀನ ಹೋಗಿ ಕರಕೊಂಡ್ ಬಾ.”

ಅವನು ಬರುವ ತನಕ ಯಾರ ದನಿಯನ್ನೂ ಅಣಕಿಸುವುದಿಲ್ಲ ಎಂದು ಅವತ್ತೇ ನಿರ್ಧರಿಸಿದೆ. ಮನೆಯಲ್ಲಿ ದಿನದ ಹಾಗೆ ನಮ್ಮ ಕಟ್ಟಡದ ಸೊಸೈಟಿಯ ಸೆಕ್ರೆಟರಿಯಂತೆ ಚಹಾ ಕೇಳಲಿಲ್ಲ, ಸ್ಟೇಶನ್ನಿನ ಘೋಷಣೆಯಂತೆ ಅಪ್ಪನನ್ನು ಊಟಕ್ಕೆ ಕರೆಯಲಿಲ್ಲ. ಅಮ್ಮ ಹಣೆ ಮುಟ್ಟಿ ನೋಡಿದಳು. “ಆರಾಮ ಇಲ್ಲೇನಲೇ?”

ದಿನಾ ಮಧ್ಯಾಹ್ನ ಊಟದ ಗದ್ದಲ ಇಳಿದ ಮೇಲೆ ಕಲ್ಯಾಣದ ಹೋಟೆಲಿಗೆ ಹೋಗಿ ಕೂರತೊಡಗಿದೆ. ನನ್ನ ಕೆಲಸ ಐರೋಲಿಯ ಕಾಲ್ ಸೆಂಟರಿನಲ್ಲಿ, ಪಾಳಿ ಸಂಜೆಯದು, ಹಾಗಾಗಿ ಸಮಯವಿತ್ತು. ಗೆಳೆಯ ಮೇಜಿನ ಹತ್ತಿರ ಬಂದು ಅಪರಿಚಿತ ಗಿರಾಕಿಯನ್ನು ಕೇಳುವಂತೆ, “ಏನು ಕೊಡ್ಲಿ?” ಎನ್ನುತ್ತಿದ್ದ. ಮಾತಾಡಬೇಕು, ಅಂದರೆ, “ಅದು ಇಲ್ಲ, ಇಡ್ಲಿ ಉಂಟು,” ಎನ್ನುತ್ತಿದ್ದ. ಹಾಗಾಗಿ ಇಡ್ಲಿ ತಿಂದೆ. ಮರುದಿನ ಮತ್ತೆ ಹೋಗಿ ಮತ್ತೆ ತಿಂದೆ. ಎರಡನೇ ವಾರಕ್ಕೆ ಅವನು ಕೇಳುವುದನ್ನೂ ಬಿಟ್ಟು ಸುಮ್ಮನೆ ತಟ್ಟೆ ತಂದಿಡತೊಡಗಿದ. ಇದು ಪ್ರಗತಿಯೋ ಅಲ್ಲವೋ ಎಂದು ಡ್ರಮ್ಮರ್ ಹುಡುಗಿಯನ್ನು ಕೇಳಿದೆ. ಹೋಗೂದು ಬಿಡಬ್ಯಾಡ, ಎಂದಳು.

ಕೊನೆಗೊಂದು ದಿನ ಅವನು ತಟ್ಟೆ ಇಟ್ಟು ನನ್ನೆದುರು ಕೂತ.

“ಅಪ್ಪ ಆ ಹಾಡು ಕೇಳಿದ್ರು,” ಎಂದ. “ಯಾರೋ ಗಿರಾಕಿ ಮೊಬೈಲಲ್ಲಿ ಹಾಕಿದ್ರಂತೆ. ನನ್ನನ್ನು ಕರ್ದು, ಚಂದ ಹಾಡಿದ್ದಿ ಮಗಾ, ಅಂದ್ರು. ಇಷ್ಟು ವರ್ಷ ಭಜನೆಯಲ್ಲಿ ಹಾಡಿದ್ದೇನೆ, ಒಂದು ಸಲ ಬಾಯಿ ಬಿಟ್ಟವರಲ್ಲ. ಹೊಗಳಿದ್ದು ಯಾವುದಕ್ಕೆ? ನಾನು ಹಾಡದ್ದಕ್ಕೆ.”

ಎದ್ದು ಕೈ ತೊಳೆದೆ. ಅವನ ಅಪ್ಪ ಗಲ್ಲಾದ ಹಿಂದೆ ಕೂತಿದ್ದರು. ನೇರವಾಗಿ ಅವರ ಮುಂದೆ ಹೋಗಿ ನಿಂತೆ.

“ಕಾಕಾ, ಆ ಹಾಡು ಇವಾ ಹಾಡಿದ್ದಲ್ರೀ. ನಾ ಹಾಡಿದ್ದು, ಇವನ ದನಿ ತಗದು. ಇವಂಗ ಗೊತ್ತೂ ಇರ್ಲಿಲ್ಲ.”

ಅವರು ನನ್ನನ್ನು ನೋಡಿದರು, ಹಿಂದೆ ಬಂದು ನಿಂತ ಮಗನನ್ನು ನೋಡಿದರು, ಚಿಲ್ಲರೆಗೆ ಕಾಯುತ್ತಿದ್ದ ಗಿರಾಕಿಯನ್ನು ಕಳಿಸಿಕೊಟ್ಟರು.

“ಹೌದಾ,” ಎಂದರು. “ಹಾಗಾದ್ರೆ ಹೊಗಳಿದ್ದು ವಾಪಸ್. ಇವನು ಹಾಡುವಾಗ ಹೇಳಿ, ನಾನೇ ಬಂದು ಕೇಳ್ತೇನೆ. ಆಮೇಲೆ ನೋಡುವ.”

“ವಾಶಿಯಾಗ ಕಾರ್ಯಕ್ರಮ ಐತ್ರೀ,” ಎಂದೆ.

“ಬರ್ತೇನೆ ಅಂತ ನಾನು ಹೇಳಿದ್ನಾ?” ಎಂದು ಗೆಳೆಯ ಮಧ್ಯೆ ಬಾಯಿ ಹಾಕಿದ. ಅಪ್ಪ ಅವನ ಮಾತನ್ನು ಕೇಳಿಸಿಕೊಳ್ಳದೆ, ಆವತ್ತು ಅಂಗಡಿ ಯಾರು ನೋಡಿಕೊಳ್ಳಬೇಕು ಎಂದು ಅಡಿಗೆಯವನನ್ನು ತುಳುವಿನಲ್ಲಿ ಕೂಗಿ ಕೇಳಲು ಶುರುಮಾಡಿದ್ದರು.

ಹೊರಗೆ ಬಂದು ರಿಕ್ಷಾ ಸ್ಟ್ಯಾಂಡಿನ ಹತ್ತಿರ ನಿಂತೆವು. ಅಣಕ ಬಿಟ್ಟಿದ್ದೇನೆ, ಎಂದೆ. ಬಿಟ್ಟಿದ್ದು ಗೊತ್ತಾಯಿತು, ಇಡ್ಲಿ ಕೇಳುವಾಗ ಮನುಷ್ಯನ ಹಾಗೆ ಕೇಳುತ್ತಿದ್ದೀ, ಎಂದ. ಕ್ಷಮೆಯನ್ನು ಈ ಸಲ ನನ್ನ ದನಿಯಲ್ಲಿ ಕೇಳಿದೆ. ಅಭ್ಯಾಸವಿರಲಿಲ್ಲವಾಗಿ ಅದು ಅಷ್ಟು ಚೆನ್ನಾಗಿ ಬರಲಿಲ್ಲ. ಅವನು ನನ್ನ ಹೆಗಲಿನ ಚೀಲದೊಳಗೆ ಇಣುಕಿದ, ರಕ್ಕಸನ ಮುಖವಾಡ ಅದರಲ್ಲೇ ಇತ್ತು.

“ಬರ್ತೇನೆ. ಆದ್ರೆ ಅಜ್ಜಿ ನೀನೇ ಮಾಡು. ನಾನೀಗ ಅಜ್ಜಿ ಹಾಡಿದ್ರೆ, ರೆಕಾರ್ಡಿನಲ್ಲಿ ಇದ್ದ ಹಾಗೆ ಇಲ್ಲ ಅಂತ ಜನ ಹೇಳ್ತಾರೆ. ನನ್ನ ದನಿಗೆ ನಾನೇ ಡುಪ್ಲಿಕೇಟ್ ಆಗುವುದು ಬೇಡ. ರಕ್ಕಸ ನಾನು.”

ರಕ್ಕಸನನ್ನು ಕೊಡುವುದೆಂದರೆ ನನಗೆ ಕರುಳು ಕಿತ್ತುಕೊಟ್ಟಂತೆ. ರೆಕಾರ್ಡು ಹೊರಬರಬೇಕು, ಇವನು ವಾಪಸ್ ಬರಬೇಕು, ಅಪ್ಪನಿಗೆ ಇವನು ಕೇಳಿಸಬೇಕು, ಎಲ್ಲಾ ಸರಿ. ಆದರೂ ಕೊನೆಯದೊಂದು ಪ್ರಯತ್ನ ಮಾಡಿದೆ. ಗರ್ಜನೆ ಅಂದರೆ ಭಜನೆಯಲ್ಲ, ಗಂಟಲು ಹರಿಯುತ್ತದೆ, ಅದನ್ನು ಕಲಿಯಲು ನನಗೇ ವರ್ಷಗಳು ಹಿಡಿದವು, ನಿನಗೆ ಇಷ್ಟು ಬೇಗ ಯಾರು ಕಲಿಸಬೇಕು, ಎಂದು ಕೇಳಿದೆ.

ಅವನು ನನ್ನ ಹೆಗಲಿನಿಂದ ಚೀಲ ಇಳಿಸಿಕೊಂಡು, ರಕ್ಕಸನ ಮುಖವಾಡ ಹೊರಗೆಳೆದು ಕಂಕುಳಲ್ಲಿ ಇಟ್ಟುಕೊಂಡ.

“ನಿನ್ನೊಟ್ಟಿಗೆ ಇಷ್ಟು ವರ್ಷ ಇದ್ದವನಿಗೆ ಬೊಬ್ಬೆ ಹೊಡೀಲಿಕ್ಕೆ ಬೇರೆ ಕಲಿಸ್ಬೇಕಾ ಮಾರಾಯ?”